ಕರಿ ಬಟ್ಟೆಯ ಗೋಪುರ

ಏಲೂರು
12 ಜನವರಿ 1970

ಶ್ರೀಮತಿ ಪ್ರೇಮಾ ಅವರಿಗೆ,
ನಮಸ್ಕಾರಗಳು.

ಕೈಕೆಲಸದ ವಿನಿಮಯ ಕೋರಿ ವಾರಪತ್ರಿಕೆಯ ಮಹಿಳಾ ಪುಟದಲ್ಲಿ ನಾನು ಹಾಕಿಸಿದ ನಾಲ್ಕು ಸಾಲಿಗೆ ಏಳು ಪತ್ರ ಬಂದವು. ಹುಬ್ಬಳ್ಳಿಯಿಂದ ಎರಡು, ಪುಣೆಯಿಂದ ಒಂದು. ಒಬ್ಬ ಮಹಾಶಯರಂತೂ ಕೈಕೆಲಸದ ಮಾತೇ ಎತ್ತದೆ ತಮ್ಮ ಮಗನಿಗೆ ಇಲ್ಲಿಯ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತೇ ಎಂದು ಕೇಳಿದ್ದಾರೆ. ಕೇರಳದೊಳಗಿಂದಲೇ ಬಂದದ್ದು ನಿಮ್ಮದೊಂದೇ. ತಿರುವನಂತಪುರದಲ್ಲಿ ಸೂಜಿ ಹಿಡಿದು ಕೂತ ಕನ್ನಡದವರೊಬ್ಬರಿದ್ದಾರೆ ಎಂದು ತಿಳಿದು ನನಗೆ ಆದ ಸಂತೋಷ ಹೇಳಲಾರೆ.

ನನ್ನ ವಿಷಯ: ಊರು ಪುತ್ತೂರು. ನಮ್ಮವರು ಜನಾರ್ದನ ರಾವ್, ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾರೆ. ಇಲ್ಲಿಗೆ ಬಂದು ಹನ್ನೊಂದು ವರ್ಷ. ಗಾಳಿ ಈ ಕಡೆ ತಿರುಗಿದ ದಿನ ಅಮೋನಿಯದ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಉಳಿದ ದಿನ ಹೊಳೆಯ ಗಾಳಿ, ಸುಖ. ಒಬ್ಬಳು ಮಗಳು, ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಕ್ರೋಶಾ ನನ್ನ ಕೈಕೆಲಸ. ಇಲ್ಲಿಯ ಲೇಡೀಸ್ ಕ್ಲಬ್ಬಿನಲ್ಲಿ ಹೊಲಿಗೆ ವಿಭಾಗ ನೋಡಿಕೊಳ್ಳುವುದೂ ನಾನೇ.

ನಮ್ಮ ವಿನಿಮಯಕ್ಕೆ ನಿಯಮ ಹೆಚ್ಚಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ವಸ್ತು ಕಳಿಸಬೇಕು. ಅಂಗಡಿಯದ್ದಾಗಬಾರದು. ಸ್ವಂತ ಕೈಯಿಂದ ಮಾಡಿದ್ದಾಗಿರಬೇಕು. ಅಷ್ಟೇ.

ನಿಮ್ಮ
ಇಂದುಮತಿ

ಶ್ರೀಕಾರ್ಯಂ
3 ಫೆಬ್ರವರಿ 1970

ಪೂಜ್ಯ ಇಂದುಮತಿ ಅವರಿಗೆ,
ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಪತ್ರವನ್ನು ಮೂರು ಸಲ ಓದಿದೆ. ನಮ್ಮದು ಧಾರವಾಡದ ಹತ್ತಿರ ಅಮ್ಮಿನಭಾವಿ. ನಮ್ಮವರು ವೀರಭದ್ರ, ಇಲ್ಲಿಯ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಸಹಾಯಕರು. ದಿನವಿಡೀ ಮರಗೆಣಸಿನ ಹೊಲದಲ್ಲಿರುತ್ತಾರೆ. ಸಂಜೆ ಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು, ಕೈಯಲ್ಲಿ ಒಂದು ಗೆಣಸು ಹಿಡಿದುಕೊಂಡು ಬರುತ್ತಾರೆ. ಮದುವೆಯಾಗಿ ನಾಲ್ಕು ವರ್ಷ, ಇಲ್ಲಿಗೆ ಬಂದು ಎರಡು. ನನಗೆ ಇಪ್ಪತ್ತಾರು ವಯಸ್ಸು.

ಮನೆಯಲ್ಲಿ ಇರುವುದು ಮೂವರು. ಮಾವ ತೀರಿಕೊಂಡ ಮೇಲೆ ಅತ್ತೆ ಗೌರವ್ವ ನಮ್ಮ ಹತ್ತಿರವೇ ಇದ್ದಾರೆ. ಅವರಿಗೆ ಈ ಊರು ಹಿಡಿಸಿಲ್ಲ. ಜೋಳ ಸಿಗುವುದಿಲ್ಲ ಎಂದು ಮರಗೆಣಸಿನ ಹಿಟ್ಟಿನ ರೊಟ್ಟಿ ತಟ್ಟಲು ಹೋದರು. ಅದು ಹಂಚಿಗೂ ಅಂಟಿತು, ಕೈಗೂ ಅಂಟಿತು. ನೆರೆಮನೆಯವರು ಬಂದರೆ ಇವರು ಕನ್ನಡದಲ್ಲಿ ಮಾತಾಡುತ್ತಾರೆ, ಅವರು ಮಲಯಾಳದಲ್ಲಿ. ಕೊನೆಗೆ ಇಬ್ಬರೂ ನಕ್ಕು ಸುಮ್ಮನಾಗುತ್ತಾರೆ. ಹೆಚ್ಚು ಹೊತ್ತು ಕಿಟಕಿಯ ಬಳಿ ಕೂತೇ ಇರುತ್ತಾರೆ.

ನಾನು ಮಾಡಿದ ಒಂದು ತಲೆದಿಂಬಿನ ಕವಚ ಕಳಿಸಿದ್ದೇನೆ. ದಾರ ಚಾಲೈ ಪೇಟೆಯಲ್ಲಿ ತಂದದ್ದು. ತಮ್ಮ ಮೆಚ್ಚುಗೆಯಾದರೆ ಧನ್ಯಳು.

ತಮ್ಮ
ಪ್ರೇಮಾ

ಏಲೂರು
20 ಫೆಬ್ರವರಿ 1970

ಪ್ರೀತಿಯ ಪ್ರೇಮಾ,

ನಿಮಗಿಂತ ನಾನು ಹನ್ನೆರಡು ವರ್ಷ ದೊಡ್ಡವಳು, ಆದ್ದರಿಂದ 'ಪೂಜ್ಯ' ಬಿಟ್ಟು 'ಅಕ್ಕ' ಎನ್ನಿ. ಸಾಷ್ಟಾಂಗವೂ ಬೇಡ.

ಕವಚ ತಲುಪಿತು. ಬಣ್ಣಗಳ ಆಯ್ಕೆ ಚೆನ್ನಾಗಿದೆ. ಹೊಲಿಗೆಯ ವಿಷಯದಲ್ಲಿ ಒಂದು ಮಾತು ಹೇಳಿದರೆ ತಪ್ಪು ತಿಳಿಯಬೇಡಿ. ನೀವು ದಾರವನ್ನು ತುಂಬ ಬಿಗಿ ಎಳೆಯುತ್ತೀರಿ, ಹಾಗಾಗಿ ಬಟ್ಟೆ ಅಲ್ಲಲ್ಲಿ ಸುಕ್ಕಾಗಿದೆ. ಹಿಂಬದಿಯಲ್ಲಿ ಗಂಟುಗಳೂ ಬಹಳ. ನಮ್ಮ ಕಾನ್ವೆಂಟಿನ ಸಿಸ್ಟರ್ ಮೊದಲು ಹಿಂಬದಿ ನೋಡಿ, ಆಮೇಲೆ ಮುಂಬದಿಗೆ ಅಂಕ ಕೊಡುತ್ತಿದ್ದರು. ನೀವು ಚಿಕ್ಕವರು, ಅಭ್ಯಾಸದಿಂದ ಕೈ ಹಗುರಾಗುತ್ತದೆ.

ಇದರೊಡನೆ ಕ್ರೋಶಾದ ಒಂದು ಮೇಜುಹಾಸು ಇದೆ. ಅನಾನಸು ಮಾದರಿ. ಒಗೆದ ಮೇಲೆ ಗಂಜಿ ಹಾಕಿ, ನೆಲದ ಮೇಲೆ ಹರಡಿ ಒಣಗಿಸಬೇಕು.

ನಿಮ್ಮ
ಇಂದುಮತಿ ಅಕ್ಕ

ಶ್ರೀಕಾರ್ಯಂ
18 ಮೇ 1970

ಇಂದುಮತಿ ಅಕ್ಕನವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಮೇಜುಹಾಸು ಸುಂದರವಾಗಿದೆ.

ಇದರೊಡನೆ ಒಂದು ಕರಿ ಬಟ್ಟೆ ಕಳಿಸಿದ್ದೇನೆ. ಗೋಪುರ, ಅದರ ಎರಡು ಪಕ್ಕ ಆನೆ. ನಮ್ಮ ಕಡೆಯ ಕಸೂತಿ, ಗವಂತಿ ಹೊಲಿಗೆ. ನಮ್ಮ ಮನೆಯಲ್ಲಿ ಆದದ್ದು. ದಯವಿಟ್ಟು ಹಿಂಬದಿಯನ್ನೂ ನೋಡಿ.

ಪ್ರೇಮಾ

ಏಲೂರು
30 ಮೇ 1970

ಪ್ರೀತಿಯ ಪ್ರೇಮಾ,

ನೋಡಿದೆ. ನೋಡಿ ನಾಚಿದೆ. ಹಿಂಬದಿ ಯಾವುದು ಎಂದು ನನಗೆ ತಿಳಿಯಲಿಲ್ಲ. ಭೂತಗನ್ನಡಿ ತಂದು ಹುಡುಕಿದೆ. ಒಂದು ಗಂಟಿಲ್ಲ, ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬ ಗುರುತಿಲ್ಲ. ಗೋಪುರ ಏಳು ಅಂತಸ್ತು, ಮೇಲೆ ಹೋದ ಹಾಗೆ ಪ್ರತಿ ಅಂತಸ್ತೂ ಅಷ್ಟಷ್ಟೇ ಕಿರಿದಾಗಿದೆ. ಪೆನ್ಸಿಲಿನ ಗೆರೆ ಎಲ್ಲಿಯೂ ಇಲ್ಲ. ಗೆರೆ ಎಳೆಯದೆ ಇದನ್ನು ಹೇಗೆ ಮಾಡಿದಿರಿ?

ನಮ್ಮವರು ಆಫೀಸಿಗೆ ಹೊರಟವರು ಬಾಗಿಲಲ್ಲೇ ನಿಂತು ಐದು ನಿಮಿಷ ನೋಡಿದರು. "ನೀನು ಆ ಹುಡುಗಿಗೆ ಪಾಠ ಹೇಳ್ಲಿಕ್ಕೆ ಹೋಗಿದ್ಯಲ್ಲ ಮಾರಾಯ್ತಿ" ಎಂದು ನಕ್ಕು ಹೋದರು. ನಿಜವೇ. ಫೆಬ್ರವರಿಯಲ್ಲಿ ನಾನು ಬರೆದದ್ದಕ್ಕೆ ಕ್ಷಮೆ ಇರಲಿ. ತಲೆದಿಂಬಿನ ಕವಚವನ್ನು ನೀವು ಅವಸರದಲ್ಲಿ ಮಾಡಿರಬೇಕು ಎಂದು ಈಗ ಅರ್ಥವಾಗುತ್ತದೆ.

ನಾನು ಇಪ್ಪತ್ತೈದು ವರ್ಷದಿಂದ ಕ್ರೋಶಾ ಹೆಣೆಯುತ್ತಿದ್ದೇನೆ. ಇಂಥದ್ದೊಂದು ನನ್ನ ಕೈಯಿಂದ ಬಂದಿಲ್ಲ. ಇದರ ಕ್ರಮವನ್ನು ಬರೆದು ಕಳಿಸುತ್ತೀರಾ?

ಇಂದುಮತಿ ಅಕ್ಕ

ಶ್ರೀಕಾರ್ಯಂ
22 ಜೂನ್ 1970

ಪ್ರೀತಿಯ ಅಕ್ಕ,

ನಿಮ್ಮ ಪತ್ರವನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಯಾರೂ ನನಗೆ ಇಷ್ಟು ದೊಡ್ಡ ಮಾತು ಬರೆದಿರಲಿಲ್ಲ.

ಕ್ರಮ ಬರೆದು ತಿಳಿಸುವುದು ಕಷ್ಟ. ಬಟ್ಟೆಯ ಎಳೆ ಎಣಿಸಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಅದೇ ದಾರಿಯಲ್ಲಿ ಬಿಟ್ಟದ್ದನ್ನು ತುಂಬುತ್ತ ಬರಬೇಕು. ಹೊರಟಲ್ಲಿಗೇ ಬಂದು ಮುಟ್ಟಬೇಕು. ಮಧ್ಯದಲ್ಲಿ ಎಲ್ಲಿ ತಿರುಗಬೇಕು ಎಂಬುದು ನೋಡಿ ಕಲಿಯುವಂಥದ್ದು. ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ಮಳೆ ಹಿಡಿದಿದೆ. ಇವರ ಹೊಲದಲ್ಲಿ ಹೊಸ ತಳಿಯ ಗೆಣಸಿಗೆ ಎಲೆರೋಗ ಬಂದು ಮನೆಯಲ್ಲಿ ಎಲ್ಲರ ಮುಖ ಸಣ್ಣದಾಗಿದೆ. ಅತ್ತೆಗೆ ಕೀಲುನೋವು. ಓಣಂ ಹೊತ್ತಿಗೆ ಬಿಡುವು ಮಾಡಿಕೊಂಡು ನಿಮಗೊಂದು ಕೌದಿ ಹೊಲಿಯಬೇಕೆಂದಿದ್ದೇನೆ. ಹಳೆ ಸೀರೆಯ ತುಂಡುಗಳು ಬೇಕಾದಷ್ಟಿವೆ.

ನಿಮ್ಮ ತಂಗಿ
ಪ್ರೇಮಾ

ಏಲೂರು
5 ಅಕ್ಟೋಬರ್ 1970

ಪ್ರೀತಿಯ ಪ್ರೇಮಾ,

ಬಹಳ ದಿನವಾಯಿತು. ಕ್ಲಬ್ಬಿನಲ್ಲಿ ಓಣಂ ಪ್ರದರ್ಶನವಿತ್ತು, ಅದರ ಓಡಾಟದಲ್ಲಿ ಪತ್ರ ಬರೆಯಲಾಗಲಿಲ್ಲ. ಪ್ರದರ್ಶನ ಚೆನ್ನಾಗಿ ನಡೆಯಿತು. ಪೂಕ್ಕಳಂ ಎಂಬ ಹೂವಿನ ರಂಗೋಲಿಗೆ ಹೂವು ಸಾಲದೆ ನಮ್ಮ ಮನೆಯ ದಾಸವಾಳವನ್ನೆಲ್ಲ ಕೊಯ್ದುಕೊಂಡು ಹೋದರು. ಈ ವರ್ಷ ಮಳೆ ತಡವಾಗಿ ಬಿಟ್ಟಿತು. ಎರಡನೆಯ ಘಟಕದಲ್ಲಿ ದುರಸ್ತಿ ನಡೆಯುತ್ತಿದೆ, ನಮ್ಮವರಿಗೆ ಊಟಕ್ಕೂ ಹೊತ್ತಿಲ್ಲ.

ಇದರ ಜೊತೆಗಿರುವುದು ಮಂಚದ ಹೊದಿಕೆ, ಪೂರ್ತಿ ಅಳತೆಯದ್ದು. ನೀವು ಕೌದಿ ಕಳಿಸುವ ಅವಸರ ಮಾಡಬೇಡಿ. ಏನೂ ಕಳಿಸದಿದ್ದರೂ ನಡೆಯುತ್ತದೆ.

ನೀವು ಎಂದಾದರೂ ಎರ್ನಾಕುಳಂ ಕಡೆ ಬರುವುದುಂಟೇ? ನಿಮ್ಮ ಊರಿನವರು ಯಾರಾದರೂ ಈ ಕಡೆ ಇದ್ದಾರೆಯೇ? ಸುಮ್ಮನೆ ಕೇಳಿದೆ.

ಇಂದುಮತಿ

ಶ್ರೀಕಾರ್ಯಂ
16 ನವೆಂಬರ್ 1970

ಪ್ರೀತಿಯ ಅಕ್ಕ,

ಹೊದಿಕೆ ಬಿಚ್ಚಿದಾಗ ಮಂಚ ಸಾಲಲಿಲ್ಲ, ನೆಲದವರೆಗೂ ಇಳಿಯಿತು. ಇಷ್ಟು ದೊಡ್ಡದಕ್ಕೆ ಬದಲಾಗಿ ನಾನು ಏನು ಕಳಿಸಲಿ? ಗೋಪುರದಂಥದ್ದೇ ಇನ್ನೊಂದನ್ನು ನೀವು ಎದುರು ನೋಡುತ್ತಿರಬಹುದು. ಅದು ಈಗ ನನ್ನಿಂದಾಗದು. 'ಏನೂ ಕಳಿಸದಿದ್ದರೂ ನಡೆಯುತ್ತದೆ' ಎಂದು ನೀವು ಬರೆದದ್ದನ್ನು ಓದಿ, ನನ್ನ ಕೆಲಸದ ಮೇಲೆ ನಿಮಗೆ ಏನಾದರೂ ಅನುಮಾನ ಬಂತೋ ಏನೋ ಎಂದುಕೊಂಡೆ. ಹಾಗಿದ್ದರೆ ನೇರವಾಗಿ ಬರೆಯಿರಿ.

ಒಂದು ಕೋರಿಕೆ. ಆ ಗೋಪುರದ ಬಟ್ಟೆಯನ್ನು ಒಂದು ತಿಂಗಳ ಮಟ್ಟಿಗೆ ಮರಳಿ ಕಳಿಸಲಾದೀತೇ? ಅದರ ಮಾದರಿಯನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕಾಗಿದೆ. ಬೇರೇನೂ ಕಾರಣವಿಲ್ಲ. ಆದಷ್ಟು ಬೇಗ ಕಳಿಸಿದರೆ ಉಪಕಾರವಾಗುತ್ತದೆ.

ನಿಮ್ಮ
ಪ್ರೇಮಾ

ಏಲೂರು
9 ಜನವರಿ 1971

ಪ್ರೇಮಾ,

ನಿಮ್ಮ ಪತ್ರ ಬಂದು ಏಳು ವಾರವಾಯಿತು. ನಿಮಗೆ ವಿಷಯ ತಿಳಿದಿದೆ ಎಂದು ಅದನ್ನು ಓದಿದ ದಿನವೇ ಅಂದುಕೊಂಡೆ. ನೇರವಾಗಿ ಬರೆಯಿರಿ ಎಂದಿದ್ದೀರಿ. ಬರೆಯುತ್ತೇನೆ.

ಓಣಂ ಪ್ರದರ್ಶನಕ್ಕೆ ನನ್ನ ಮೇಜುಹಾಸುಗಳನ್ನು ಒಯ್ಯುವಾಗ ನಿಮ್ಮ ಬಟ್ಟೆಯನ್ನೂ ಒಯ್ದೆ. ನನ್ನ ಗೆಳತಿ ಮಾಡಿದ್ದು ಎಂದು ಎಲ್ಲರಿಗೂ ತೋರಿಸುವ ಆಸೆ ಇತ್ತು, ಅದು ಸತ್ಯ. ನನ್ನ ಮೇಜಿನ ಮೇಲೆ, ನನ್ನ ಹೆಸರಿನ ಚೀಟಿಯ ಹಿಂದೆ ಅದನ್ನು ಹರಡಿದೆ. ಅಧ್ಯಕ್ಷೆ ಭಾರ್ಗವಿಯಮ್ಮ ಬಂದು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. "ಇದು ನಿಂಗಳ್ ಚೆಯ್ದದಾಣೋ?" ನೀವೇ ಮಾಡಿದ್ದಾ, ಎಂದು ಕೇಳಿದರು. ಸುತ್ತ ಹತ್ತು ಹೆಂಗಸರಿದ್ದರು. ನಾನು ಸುಮ್ಮನೆ ನಕ್ಕೆ. ಅವರು ಅದನ್ನು ಹೌದು ಎಂದು ತೆಗೆದುಕೊಂಡರು. ಅಲ್ಲವೆನ್ನಲು ನನಗೆ ಸಂಜೆಯವರೆಗೂ ಹೊತ್ತಿತ್ತು. ನಾಲ್ಕು ಗಂಟೆಗೆ ಮೊದಲ ಬಹುಮಾನ ಎಂದು ನನ್ನ ಹೆಸರು ಕೂಗಿದರು. ನಾನು ಹೋಗಿ ಹಿತ್ತಾಳೆಯ ದೀಪ ತೆಗೆದುಕೊಂಡು ಬಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಲಬ್ಬಿನವರು ಅದನ್ನು ಎರ್ನಾಕುಳಂನ ದೊಡ್ಡ ಪ್ರದರ್ಶನಕ್ಕೆ ಕಳಿಸಿದರು. ನೀವು ಮರಳಿ ಕೇಳಿದಾಗ ಅದು ನನ್ನ ಬಳಿ ಇರಲೇ ಇಲ್ಲ. ಡಿಸೆಂಬರಿನಲ್ಲಿ ಬಂತು. ಆಮೇಲೆ ಹೆಂಗಸರೆಲ್ಲ ಹೇಳಿಕೊಡಿ ಎಂದು ಬೆನ್ನು ಹತ್ತಿದರು. ಕಲಿಯಬೇಕೆಂದು ಬಲಗಡೆಯ ಆನೆಯ ಮುಂಗಾಲನ್ನು ಬಿಚ್ಚಿ ನೋಡಿದೆ. ಮತ್ತೆ ಹೊಲಿಯಲು ಬರಲಿಲ್ಲ. ಆ ಕಾಲು ಈಗ ಬರಿದಾಗಿದೆ.

ನಿಮಗೆ ದೊಡ್ಡ ಹೊದಿಕೆ ಕಳಿಸಿದ್ದು ಇದಕ್ಕೇ. ಹೆಣೆಯುವಾಗ ನನಗೂ ಅದು ಗೊತ್ತಿತ್ತು.

ನಮ್ಮವರಿಗೆ ನಿನ್ನೆ ಹೇಳಿದೆ. ಅವರು ಬೈಯಲಿಲ್ಲ. "ನಂಗೆ ಹೇಳಿ ಎಂತ ಪ್ರಯೋಜನ? ಆ ಹುಡುಗಿಗೆ ಹೇಳು, ಮತ್ತೆ ಕ್ಲಬ್ಬಿನವರಿಗೆ ಹೇಳು" ಎಂದರು. ಮೊದಲನೆಯದು ಇದು.

ಇಂದುಮತಿ

ಏಲೂರು
20 ಫೆಬ್ರವರಿ 1971

ಪ್ರೇಮಾ,

ನಿಮ್ಮಿಂದ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೂ ಆದದ್ದನ್ನು ತಿಳಿಸಬೇಕು.

ಮೊನ್ನೆ ಬುಧವಾರ ಕ್ಲಬ್ಬಿನ ಸಭೆಯಿತ್ತು. ಕೊನೆಯಲ್ಲಿ ನಾನು ಎದ್ದು ನಿಂತು ಹೇಳಿದೆ. ಎರಡು ದಿನದಿಂದ ಮಲಯಾಳದಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಎಲ್ಲವೂ ಮರೆತುಹೋಗಿ, "ಅದು ನನ್ನದಲ್ಲ, ಶ್ರೀಕಾರ್ಯದ ಪ್ರೇಮಾ ಎನ್ನುವವರದ್ದು, ನಾನು ಸುಳ್ಳು ಹೇಳಿದೆ" ಎಂದಷ್ಟೇ ಬಂತು. ದೀಪವನ್ನು ಮೇಜಿನ ಮೇಲಿಟ್ಟೆ.   ಹಿಂದಿನ ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು.

ಭಾರ್ಗವಿಯಮ್ಮ ಆಮೇಲೆ ಒಂದು ಹೊಸ ಚೀಟಿ ತರಿಸಿ, ನಿಮ್ಮ ಹೆಸರನ್ನು ತಾವೇ ಬರೆದು ಬಟ್ಟೆಗೆ ಪಿನ್ ಹಾಕಿದರು. ಹೊಲಿಗೆ ವಿಭಾಗವನ್ನು ಬೇರೆಯವರಿಗೆ ಒಪ್ಪಿಸಿದ್ದಾರೆ. ಅದು ಸರಿಯಾದದ್ದೇ. ಈಗ ರಸ್ತೆಯಲ್ಲಿ ಎದುರಾದರೆ ಕೆಲವರು ಬೇಗ ಬೇಗ ನಡೆಯುತ್ತಾರೆ.

ಬಟ್ಟೆಯನ್ನೂ ದೀಪವನ್ನೂ ಇಂದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಕ್ಲಬ್ಬಿನವರಿಗೆ ಇನ್ನೂ ಒಂದು ಆಸೆ ಇದೆ. ಬೇಸಿಗೆಯಲ್ಲಿ ನೀವು ನಾಲ್ಕು ದಿನ ಇಲ್ಲಿಗೆ ಬಂದು ಗವಂತಿ ಕಲಿಸಬೇಕಂತೆ. ನನ್ನ ಮನೆಯಲ್ಲಿ ಇಳಿಯಲು ಮನಸ್ಸಿಲ್ಲದಿದ್ದರೆ ಭಾರ್ಗವಿಯಮ್ಮನವರ ಮನೆಯಲ್ಲಿ ಏರ್ಪಾಡು ಮಾಡುತ್ತಾರೆ.

ಇಂದುಮತಿ

ಶ್ರೀಕಾರ್ಯಂ
14 ಮಾರ್ಚ್ 1971

ಅಕ್ಕ,

ಜನವರಿಯಲ್ಲೇ ಬರೆಯಬೇಕಿತ್ತು. ನಿಮ್ಮ ಪತ್ರ ಓದಿ ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಅದು ದೊಡ್ಡ ಸುಳ್ಳಾಗುತ್ತಿತ್ತು. ಕ್ಷಮಿಸುವುದಕ್ಕೆ ಆ ಬಟ್ಟೆ ನನ್ನದಾಗಿರಬೇಕಲ್ಲ.

ಅದನ್ನು ಹೊಲಿದವರು ನನ್ನ ಅತ್ತೆ. ಇಲ್ಲಿಗೆ ಬಂದ ಮೊದಲ ವರ್ಷ ಕಿಟಕಿಯ ಬಳಿ ಕೂತು, ಯಾವ ಚಿತ್ರವನ್ನೂ ನೋಡದೆ, ಎಣಿಸಿ ಎಣಿಸಿ ಮಾಡಿದ್ದು. ಮುಗಿದ ಮೇಲೆ "ಇಟ್ಕೋ" ಎಂದು ನನ್ನ ಕೈಗೆ ಕೊಟ್ಟಿದ್ದರು. ನನ್ನ ತಲೆದಿಂಬಿನ ಕವಚದ ಬಗ್ಗೆ ನೀವು ಬರೆದದ್ದು ನನಗೆ ತುಂಬ ಚುಚ್ಚಿತ್ತು. ಅದು ಅವಸರದ ಕೆಲಸವಲ್ಲ ಅಕ್ಕ, ಎರಡು ತಿಂಗಳು ಕೂತು ಮಾಡಿದ್ದೆ. ನನ್ನ ಕೈ ಇರುವುದೇ ಅಷ್ಟು. ಆ ಸಿಟ್ಟಿನಲ್ಲಿ ಅತ್ತೆಯದನ್ನು ಕಳಿಸಿದೆ. 'ನಮ್ಮ ಮನೆಯಲ್ಲಿ ಆದದ್ದು' ಎಂದು ಬರೆದೆ. ನೀವು ನನ್ನನ್ನು ಹೊಗಳಿದಿರಿ. ನಾನು ಸುಮ್ಮನಿದ್ದೆ. ಕಾರ್ತಿಕದಲ್ಲಿ ಅತ್ತೆ ಅದನ್ನು ಕೇಳಿದರು. ಅದಕ್ಕೇ ಮರಳಿ ಕಳಿಸಿ ಎಂದದ್ದು. ನಿಮ್ಮ ಪ್ರದರ್ಶನದ ಸುದ್ದಿ ನನಗೆ ತಿಳಿದೇ ಇರಲಿಲ್ಲ.

ನಿಮ್ಮ ಪಾರ್ಸೆಲ್ ಬಂದಾಗ ನಾನು ಚಾಲೈಗೆ ಹೋಗಿದ್ದೆ. ಇವರು ಊಟಕ್ಕೆ ಬಂದಿದ್ದವರು ಬಿಚ್ಚಿದರು. ಅತ್ತೆಗೆ ಓದಲು ಬರುವುದಿಲ್ಲ. ಚೀಟಿಯಲ್ಲಿ ಏನಿದೆ ಎಂದು ಕೇಳಿದರಂತೆ. ಇವರು ಓದಿದರು: ಮೊದಲ ಬಹುಮಾನ, ಶ್ರೀಮತಿ ಪ್ರೇಮಾ ವೀರಭದ್ರ. ನಾನು ಚೀಲ ಹಿಡಿದು ಒಳಗೆ ಬರುವಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು, ನಡುವೆ ಆ ಬಟ್ಟೆ. ಇವರು ನನ್ನ ಮುಖ ನೋಡಲಿಲ್ಲ. ಅತ್ತೆ ಆನೆಯ ಕಾಲಿನ ಮೇಲೆ ಬೆರಳಾಡಿಸುತ್ತ, "ಇದನ್ನ ಯಾರು ಬಿಚ್ಚ್ಯಾರ?" ಎಂದರು.  ಸೂಜಿ ತಂದು ಅಲ್ಲೇ ಕೂತು ಕಾಲು ತುಂಬಿದರು.

ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೆಯ ದಿನ ನಾನು ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ, ನಿಮ್ಮ ಪತ್ರಗಳನ್ನು ಮೊದಲಿನಿಂದ ಓದಿದೆ.  ಗೋಪುರವನ್ನು ಹೊಗಳಿದ ನಿಮ್ಮ ಮೇ ತಿಂಗಳ ಪತ್ರಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಇದನ್ನ ಇನ್ನೊಮ್ಮೆ ಓದು."

ಓದಿದೆ.

"ಇದು ಯಾವಾಗ ಬಂತು?"

"ಹೋದ ವರ್ಷ, ಮಳಿಗಾಲದ ಮುಂದ."

"ಹೆಸರು ಯಾರದರ ಹಾಕ್ಕೋರಿ, ನಂಗ ಅದು ಬ್ಯಾಡ. ಹತ್ತು ತಿಂಗಳಾತು, ನಾ ದಿನಾ ಇದ ಕಿಡಕ್ಯಾಗ ಕುಂತೀನಿ. ಒಂದು ಮಾತು ಆಡಾಕ ಮಂದಿ ಇಲ್ಲ ನಂಗ ಇಲ್ಲಿ. ಯಾರೋ ಒಬ್ಬಾಕಿ ಚಲೋ ಐತಿ ಅಂದಾಳಂತ ನಂಗ ಹೇಳಿದ್ರ ನಿಂದೇನು ಹೋಗ್ತಿತ್ತವಾ?"

ಅದೇ ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ ಅಕ್ಕ. 

ದೀಪ ಅವರ ಕಿಟಕಿಯಲ್ಲಿದೆ. ಕ್ಲಬ್ಬಿಗೆ ಕಲಿಸಲು ಬರಬೇಕಾದವಳು ನಾನಲ್ಲ. ಈ ಪತ್ರವನ್ನು ನೀವು ಭಾರ್ಗವಿಯಮ್ಮನವರಿಗೆ ತೋರಿಸಬಹುದು.

ಪ್ರೇಮಾ

ಏಲೂರು
22 ಮಾರ್ಚ್ 1971

ಪ್ರೇಮಾ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಿನ್ನ ತಲೆದಿಂಬಿನ ಕವಚವನ್ನು ಹೊರತೆಗೆದು ನೋಡಿದೆ. ನಿನ್ನನ್ನು ಬೈಯುವ ಯೋಗ್ಯತೆ ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೂ ನನಗಂತೂ ಇಲ್ಲ. ಆ ಫೆಬ್ರವರಿಯ ಪತ್ರವನ್ನು ನಾನು ಬೇರೆ ರೀತಿ ಬರೆಯಬಹುದಿತ್ತು. ಎರಡು ತಿಂಗಳು ಕೂತು ಮಾಡಿದ್ದಕ್ಕೆ ಎರಡು ಒಳ್ಳೆಯ ಮಾತಾದರೂ ಹೇಳಬೇಕಿತ್ತು.

ಭಾರ್ಗವಿಯಮ್ಮನವರಿಗೆ ಪತ್ರವನ್ನು ಮಲಯಾಳದಲ್ಲಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಅಮ್ಮ ಬರುತ್ತಾರೋ?"

ಕೇಳಿ ನೋಡು. ಮುಂದಿನ ತಿಂಗಳು ನಿನ್ನವರಿಗೆ ಎರ್ನಾಕುಳಂನಲ್ಲಿ ಕೆಲಸವೇನಾದರೂ ಬಿದ್ದರೆ ಜೊತೆಗೆ ಕರೆತರಲಿ. ಜೋಳದ ಹಿಟ್ಟನ್ನು ಹುಬ್ಬಳ್ಳಿಯಿಂದ ತರಿಸುವ ಜವಾಬ್ದಾರಿ ನನ್ನದು.

ಅಕ್ಕ

ಏಲೂರು
2 ಮೇ 1971

ಪ್ರೀತಿಯ ಪ್ರೇಮಾ,

ನಿನ್ನ ಅತ್ತೆ ಕ್ಷೇಮ. ವೀರಭದ್ರರು ಬಿಟ್ಟುಹೋದ ದಿನ ಜಗಲಿಯಲ್ಲಿ ಕೂತಿದ್ದರು. ಹೊಳೆಯಲ್ಲಿ ಹೋಗುವ ದೋಣಿಗಳನ್ನು ನೋಡುತ್ತಿದ್ದರು. ನಾನು ಕಾಫಿ ತಂದು ಎದುರು ನಿಂತು, "ಅಮ್ಮಾ, ಬಹುಮಾನ ತೆಗೆದುಕೊಂಡವಳು ನಾನೇ" ಎಂದೆ. ಹೇಳದೆ ಇದ್ದರೆ ನಾಲ್ಕು ದಿನ ಅವರಿಗೆ ಬಡಿಸಲು ನನ್ನಿಂದ ಆಗುತ್ತಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆನಿ ಕಾಲ ಬಿಚ್ಚಿದಾಕೀನೂ ನೀನ ಏನು?" ಹೌದು ಎಂದೆ. "ಬಾ, ಕೂಡು. ಬಿಚ್ಚೂದು ಬರೋಬ್ಬರಿ ಬಂದೈತಿ, ಹೊಲಿಯೂದು ಕಲಿ" ಎಂದರು. ಕಾಫಿ ಆರಿಹೋಯಿತು.

ಕ್ಲಬ್ಬಿನಲ್ಲಿ ಅವರಿಗೆಂದು ಕುರ್ಚಿ ಹಾಕಿದ್ದರು. ಅವರು ನೆಲದ ಮೇಲೆ ಕೂತರು. ಹದಿನಾಲ್ಕು ಹೆಂಗಸರೂ ನೆಲಕ್ಕಿಳಿದರು, ಮಂಡಿನೋವಿನ ಭಾರ್ಗವಿಯಮ್ಮ ಸಹ. ಅವರ ಧಾರವಾಡದ ಕನ್ನಡವನ್ನು ಮಲಯಾಳಕ್ಕೆ ತಿರುಗಿಸುವ ಕೆಲಸ ನನ್ನದು. ಕೆಲವು ಮಾತು ನನಗೇ ತಿಳಿಯಲಿಲ್ಲ. ಗಂಟು ಹಾಕಬಾರದು ಎಂದು ಅವರು ಹೇಳಿದ್ದನ್ನು ನಾನು "ಕೆಟ್ಟು ಪಾಡಿಲ್ಲ" ಎಂದೆ. ಮಲಯಾಳದಲ್ಲಿ ಗಂಟಿಗೆ ಕೆಟ್ಟು ಎನ್ನುತ್ತಾರಲ್ಲ. ನಿನ್ನ ಅತ್ತೆ ಅದನ್ನು ಕನ್ನಡವೆಂದೇ ಕೇಳಿ ತಲೆದೂಗಿ, "ಖರೆ ಐತಿ, ಗಂಟು ಹಾಕಿದ್ರ ಕೆಟ್ಟಂಗ" ಎಂದರು. ನಾನು ನಕ್ಕೆ. ಯಾಕೆ ನಕ್ಕಿರಿ ಎಂದು ಉಳಿದವರು ಕೇಳಿದರು. ಅದನ್ನು ವಿವರಿಸುವಷ್ಟರಲ್ಲಿ ಎಲ್ಲರೂ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಎರಡನೆಯ ದಿನ ನನ್ನ ನೆರವು ಅಷ್ಟಾಗಿ ಬೇಕಾಗಲಿಲ್ಲ. ತಪ್ಪಿದವರ ಬೆರಳ ಮೇಲೆ ಮೆಲ್ಲಗೆ ಒಂದು ಏಟು, ಸರಿ ಬಂದವರ ಕೆನ್ನೆ ಸವರಿ ನೆಟಿಗೆ. ನನಗೆ ಬಿದ್ದದ್ದು ಹೆಚ್ಚಾಗಿ ಏಟೇ. ಮೊದಲು ನನ್ನನ್ನು ಕಂಡರೆ ಬೇಗ ನಡೆಯುತ್ತಿದ್ದ ಇಬ್ಬರು ನನ್ನ ಪಕ್ಕದಲ್ಲೇ ಕೂತು ನನ್ನ ಬಟ್ಟೆಯನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಕೊನೆಯ ದಿನ ಭಾರ್ಗವಿಯಮ್ಮ ಕ್ಲಬ್ಬಿನ ಪುಸ್ತಕ ತೆರೆದು, ಓಣಂ ಬಹುಮಾನದ ಸಾಲಿನಲ್ಲಿ ನನ್ನ ಹೆಸರನ್ನೂ ಅದರ ಮೇಲಿನ ನಿನ್ನ ಹೆಸರನ್ನೂ ಹೊಡೆದುಹಾಕಿ ಮೂರನೆಯದನ್ನು ಬರೆದರು. ನಾನು ಅದೇ ಹೆಸರನ್ನು ಕನ್ನಡದಲ್ಲಿ ಚೌಕಳಿ ಕಾಗದದ ಮೇಲೆ ದೊಡ್ಡದಾಗಿ ಬರೆದು ನಿನ್ನ ಅತ್ತೆಗೆ ತೋರಿಸಿದೆ. "ಇದು ನಾನೇನು?" ಎಂದು ಬಹಳ ಹೊತ್ತು ನೋಡಿದರು. ಅಕ್ಷರದ ಮೇಲೆ ಬೆರಳಿಟ್ಟು ಚೌಕ ಎಣಿಸಿದರು. ಆಮೇಲೆ ಒಂದು ಬಿಳಿ ಬಟ್ಟೆ ಕೇಳಿದರು.

ಮೂರು ದಿನ ಹಿಡಿಯಿತು. ನಮ್ಮ ಅಕ್ಷರಕ್ಕೆ ಮೂಲೆಯೇ ಇಲ್ಲ, ಎಲ್ಲ ಸುತ್ತು, ಗವಂತಿ ನಡೆಯುವುದು ನೆಟ್ಟಗೆ ಎಂದು ಬೈದುಕೊಂಡೇ ಹೊಲಿದರು. 'ಗೌ' ಎರಡು ಸಲ ಬಿಚ್ಚಿದರು. ನಿನ್ನೆ ಸಂಜೆ ಮುಗಿಯಿತು. ಮಡಿಲಲ್ಲಿ ಹರಡಿಕೊಂಡು, ನಮ್ಮವರನ್ನು ಕರೆದು ಓದಿಸಿದರು. ನಮ್ಮವರು 'ಗೌರವ್ವ' ಎಂದು ಓದಿದರು. ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದರು.

ಇಂದು ಬೆಳಿಗ್ಗೆ ನಾನು ಅವರ ಪೆಟ್ಟಿಗೆ ಕಟ್ಟಲು ಹೋದರೆ ಕಾಗದ ಹಿಡಿದುಕೊಂಡು ನಿಂತಿದ್ದಾರೆ. "ಈಗ ಆಕೀದು ಬರಿ" ಎಂದರು. ಯಾರದು ಎಂದೆ. "ನನ್ನ ಸೊಸೀದು. ಮತ್ಯಾರದು?"

ಬರೆದುಕೊಟ್ಟೆ. ಈಗ ನನ್ನ ಎದುರು ಕೂತು ಮೊದಲ ಅಕ್ಷರಕ್ಕೆ ಚೌಕ ಎಣಿಸುತ್ತಿದ್ದಾರೆ. ಇದರಲ್ಲಿ ಮೇಲೊಂದು ಸುತ್ತು, ಕೆಳಗೊಂದು ಸುತ್ತು, ಸೀದಾ ಹೋಗುವ ಗೆರೆಯೇ ಇಲ್ಲವಂತೆ, ಥೇಟ್ ನಿನ್ನ ಹಾಗೆಯೇ ಇದೆಯಂತೆ. ಬುಧವಾರದ ಗಾಡಿಗೆ ಕಳಿಸಿಕೊಡುತ್ತೇನೆ ಎಂದು ನಾನು ನಿನಗೆ ಬರೆದಿದ್ದೆ. ಅದು ಆಗುವ ಹಾಗಿಲ್ಲ. ಇದು ಮುಗಿಯದೆ ಏಳುವುದಿಲ್ಲ ಎಂದು ನಿನಗೆ ತಿಳಿಸಲು ಹೇಳಿದ್ದಾರೆ.

ನಿನ್ನ
ಅಕ್ಕ